ಪ್ಲೇಟ್‌ಲೆಟ್‌ನ ಐಸ್ ಡಬ್ಬದಲ್ಲಿ ಕಳಿಸಿದ್ದರ ಬಗ್ಗೆ ಬ್ಲಡ್ ಬ್ಯಾಂಕಿಗೆ ದೂರು

ಬ್ಲಡ್ ಬ್ಯಾಂಕ್ ಮುಖ್ಯಸ್ಥರಿಗೆ,

ಸರ್/ಮೇಡಂ, ನಮ್ಮ ಮಗಳು ಮಕ್ಕಳ ವಾರ್ಡಲ್ಲಿ ಕೀಮೋ ತಗೊಳ್ತಿದಾಳೆ, ತೂಕ 12 ಕೆಜಿ. ಮೊನ್ನೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಕೌಂಟ್ 8,000ಕ್ಕೆ ಬಿದ್ದು ಒಸಡಲ್ಲಿ ರಕ್ತ ಜಿನುಗ್ತಿತ್ತು, ಕಾಲ ತುಂಬ ಕೆಂಪು ಚುಕ್ಕೆ, ಡಾಕ್ಟ್ರು ತಕ್ಷಣ ಪ್ಲೇಟ್‌ಲೆಟ್ ಬರೆದ್ರು. ನಿಮ್ಮಲ್ಲಿಂದ ಬ್ಯಾಗೇನೋ ಬೇಗನೇ ಬಂತು, ಆದ್ರೆ ಬಂದಿದ್ದು ಐಸ್ ಪ್ಯಾಕ್ ತುಂಬಿದ ಡಬ್ಬದಲ್ಲಿ, ಪಕ್ಕದ ಬೆಡ್ಡಿನ ಹುಡುಗನಿಗೆ ಬಂದ ಕೆಂಪು ರಕ್ತದ ಜೊತೆ ಒಟ್ಟಿಗೆ! ಸಿಸ್ಟರ್ ಕೈಗೆ ತಗೊಂಡ ಕೂಡ್ಲೇ ಮುಖ ಸಿಂಡರಿಸಿದ್ರು, ಕೊರೀತಿತ್ತು ಅದು. ಬೆಳಕಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದ್ರು, ಚೆನ್ನಾಗಿರೋ ಪ್ಲೇಟ್‌ಲೆಟ್ ಆದ್ರೆ ಒಳಗೆ ಊದುಬತ್ತಿ ಹೊಗೆ ಥರ ಸುಳಿಸುಳಿಯಾಗಿ ಮಿನುಗುತ್ತೆ, ಇದ್ರಲ್ಲಿ ಏನೂ ಇಲ್ಲ, ಮಂಕು ಹಳದಿ ನೀರು ಅಷ್ಟೇ. ಡಾಕ್ಟ್ರಿಗೆ ತೋರ್ಸಿ ವಾಪಸ್ ಕಳಿಸಿದ್ರು.

ನಾನು ನಿಮ್ಮ ಕೌಂಟರಿಗೆ ಫೋನ್ ಮಾಡಿದ್ರೆ ಬಂದ ಉತ್ತರ "ರಕ್ತ ಅಲ್ವಾ, ತಣ್ಣಗಿದ್ರೆ ಒಳ್ಳೇದೇ". ಕೆಂಪು ರಕ್ತ ಇಡೋದು 2ರಿಂದ 6 ಡಿಗ್ರೀಲಿ ಸರಿ, ಪ್ಲೇಟ್‌ಲೆಟ್ 20ರಿಂದ 24 ಡಿಗ್ರೀಲಿ ಇರ್ಬೇಕು, ಅದೂ ಅಲುಗಾಡ್ತಾನೇ ಇರೋ ಅಜಿಟೇಟರ್ ಮೇಲೆ. ತಣ್ಣಗಾದ್ರೆ ಅದರ ಆಕಾರವೇ ಬದಲಾಗಿ, ಮೈಗೆ ಹೋದ್ಮೇಲೆ ದಿನಗಟ್ಲೆ ಓಡಾಡೋ ಬದಲು ಲಿವರ್ ಅದನ್ನ ಬೇಗ ಹಿಡಿದು ತೆಗೆದುಹಾಕುತ್ತೆ, ಕೌಂಟ್ ನಿಲ್ಲಲ್ಲ. ದೊಡ್ಡವರಿಗೆ ಆಕ್ಸಿಡೆಂಟಾಗಿ ರಕ್ತ ಸುರೀತಿರುವಾಗ ಕೊಡೋಕೆ ಅಂತಲೇ ತಣ್ಣಗಿಡೋ ಪ್ಲೇಟ್‌ಲೆಟ್ ಬೇರೆ ಇದೆ, ಗೊತ್ತು, ಆದ್ರೆ ಅದಕ್ಕೆ ಲೇಬಲ್ಲೇ ಬೇರೆ, ನಮ್ಮ ಬ್ಯಾಗ್ ಮೇಲೆ 20-24 ಅಂತ ನೀವೇ ಪ್ರಿಂಟ್ ಮಾಡಿದೀರಲ್ಲ! ದಾರೀಲಿ ಸ್ವಲ್ಪ ಹೊತ್ತು ಅಲುಗಾಡಿಸದಿದ್ರೆ ನಡೆಯುತ್ತೆ, ಐಸ್ ಮೇಲೆ ಕೂರಿಸಿದ್ರೆ ನಡೆಯಲ್ಲ. ಬೆಚ್ಚಗಿಡೋದ್ರಿಂದ ಬ್ಯಾಕ್ಟೀರಿಯಾ ಬೆಳೆಯೋ ಭಯ ಅಂತ ಸಾಮಾನ್ಯವಾಗಿ 5 ದಿನಕ್ಕೇ ಮುಗಿಯೋ ಪದಾರ್ಥ ಇದು, ಯಾರೋ ಪುಣ್ಯಾತ್ಮರು ಮಷೀನಿಗೆ ಕೈಕೊಟ್ಟು ಗಂಟೆಗಟ್ಲೆ ಕೂತು ಕೊಟ್ಟಿದ್ದು ಹೀಗೆ ಹಾಳಾಯ್ತು.

ಆಮೇಲೆ ಕಳಿಸಿದ ಬ್ಯಾಗ್ ಸರಿ ಇತ್ತು, ವಿಕಿರಣ ಹಾಯಿಸಿದೆ ಅನ್ನೋ ಇರ್ರೇಡಿಯೇಶನ್ ಸ್ಟಿಕ್ಕರೂ ಇತ್ತು, ಇಲ್ಲ ಅನ್ನಲ್ಲ. ಆದ್ರೆ 250 ಎಂಎಲ್ ಇಡೀ ಬ್ಯಾಗ್. ಕೆಜಿಗೆ 10 ಎಂಎಲ್ ಅಂತ ನಮ್ಮ ಮಗೂಗೆ ಬೇಕಿದ್ದು 120. ಡಾಕ್ಟ್ರು ಬರೆದಿದ್ದೇ ಮಕ್ಕಳ ಪ್ಯಾಕ್, ಸ್ಟೆರೈಲ್ ಕನೆಕ್ಟರ್ ಅನ್ನೋ ಯಂತ್ರದಲ್ಲಿ ಗಾಳಿ ತಾಗದ ಹಾಗೆ ಟ್ಯೂಬ್ ಬೆಸೆದು ಒಂದೇ ಡೋನರ್ ಬ್ಯಾಗನ್ನ ಎರಡು ಮಾಡಿದ್ರೆ ಉಳಿದಿದ್ದು ಇನ್ನೊಂದು ಮಗೂಗೆ ಆಗ್ತಿತ್ತು. ಅದಕ್ಕೂ ನಿಮ್ಮವರ ಸಲಹೆ ಏನು ಗೊತ್ತಾ, ಉಳಿದಿದ್ದನ್ನ ಸಿರಿಂಜಿಗೆ ಎಳ್ಕೊಂಡು ನಾಳೆಗೆ ಇಟ್ಕೊಳ್ಳಿ ಅಂತೆ! ಪ್ಲೇಟ್‌ಲೆಟ್ ಜೀವಂತ, ಅದಕ್ಕೆ ಗಾಳಿ ಆಡ್ಬೇಕು ಅಂತಲೇ ಆ ಬ್ಯಾಗಿನ ಪ್ಲಾಸ್ಟಿಕ್ ಬೇರೆ ಥರ ಮಾಡಿರ್ತಾರೆ, ಸಿರಿಂಜಲ್ಲಿ ಅದು ಕೆಲವೇ ಗಂಟೆ. ಇದನ್ನ ಬ್ಲಡ್ ಬ್ಯಾಂಕಿನವರಿಗೆ ಪೇಶೆಂಟ್ ಕಡೆಯವರು ಹೇಳ್ಬೇಕಾ?

ಮುಂದಿನ ಕೀಮೋ ಆದ್ಮೇಲೆ ಕೌಂಟ್ ಮತ್ತೆ ಬೀಳುತ್ತೆ, ಮತ್ತೆ ನಿಮ್ಮ ಹತ್ರವೇ ಬರ್ಬೇಕು ನಾವು. ಅಷ್ಟರೊಳಗೆ ಪ್ಲೇಟ್‌ಲೆಟ್‌ಗೆ ಐಸ್ ಇಲ್ಲದ ಬೇರೆ ಡಬ್ಬ ಮಾಡಿ, ಅಜಿಟೇಟರಿಂದ ಎಷ್ಟು ಹೊತ್ತಿಗೆ ತೆಗೆದ್ರಿ ಅಂತ ಸ್ಲಿಪ್ಪಲ್ಲಿ ಬರೀರಿ, ಮಕ್ಕಳಿಗೆ ಭಾಗ ಮಾಡಿ ಕೊಡೋಕೆ ಆಗುತ್ತೋ ಇಲ್ವೋ ನೇರವಾಗಿ ಹೇಳಿ, ಇಲ್ಲ ಅಂದ್ರೆ ಡಾಕ್ಟ್ರು ಬೇರೆ ಕಡೆಯಿಂದ ತರಿಸ್ತಾರೆ. ಹಾಳಾದ ಬ್ಯಾಗಿನ ದುಡ್ಡು ನಮ್ಮ ಬಿಲ್ಲಿಂದ ತೆಗೀಬೇಕು. ಯೂನಿಟ್ ನಂಬರ್ ವಾರ್ಡ್ ರಿಜಿಸ್ಟರಲ್ಲಿದೆ, ಅದನ್ನ ಯಾರು ಪ್ಯಾಕ್ ಮಾಡಿದ್ರು, ಎಷ್ಟು ಹೊತ್ತು ಐಸಲ್ಲಿತ್ತು ಅನ್ನೋದಕ್ಕೆ ಫೋನಲ್ಲಿ ಬೇಡ, ಬರವಣಿಗೇಲಿ ಉತ್ತರ ಕೊಡಿ.

ಇಂತಿ,
ಮಗುವಿನ ತಾಯಿ