ಆ ಚೀಟಿ ಬರೆದುಕೊಟ್ಟ ತಾಯಿಗೆ

ನ್ಯೂಯಾರ್ಕ್‌ನ 28ನೇ ಬೀದಿಯ ಸಬ್‌ವೇ (ನೆಲದಡಿಯ ರೈಲು) ಗೇಟಿನಲ್ಲಿ ನಾನು ಕಾರ್ಡ್ ತಟ್ಟುವಷ್ಟರಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿದಿರಲ್ಲ, ನಿಮ್ಮ ಹೆಸರು ಕೇಳುವುದೂ ಮರೆತುಹೋಯಿತು. ನಾವು ಹೋಗಬೇಕಿದ್ದದ್ದು ದಕ್ಷಿಣದ ತುದಿಗೆ, ಇಳಿದದ್ದು ಉತ್ತರಕ್ಕೆ ಹೋಗುವ ಅಪ್‌ಟೌನ್ ಕಡೆಯ ಮೆಟ್ಟಿಲು. ಅಲ್ಲಿ ಒಳಗಿನಿಂದ ಆಚೆ ಪ್ಲಾಟ್‌ಫಾರ್ಮಿಗೆ ದಾಟುವ ದಾರಿಯೇ ಇಲ್ಲ. ನಮ್ಮ ಯಜಮಾನರಿಗೆ ಮಂಡಿನೋವು. ಅವರ ತೋಳು ಹಿಡಿದು ಮೆಟ್ಟಿಲು ಹತ್ತಿಸಿ, ರಸ್ತೆ ದಾಟಿಸಿ, ದಕ್ಷಿಣದ ಕಡೆಯ ಡೌನ್‌ಟೌನ್ ಬಾಗಿಲವರೆಗೂ ಬಂದಿರಿ.

ದಿನಸಿ ಬಿಲ್ಲಿನ ಹಿಂಬದಿಗೆ ನೀಲಿ ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಿರಿ: 1ನೇ ನಂಬರ್ ರೈಲು, ಕೊನೆಯ ನಿಲ್ದಾಣ ಸೌತ್ ಫೆರಿ, ಹಡಗಿನಲ್ಲಿ ಬಲಗಡೆ ನಿಲ್ಲಿ. ಆ ಹಡಗಿಗೆ, ಅಂದರೆ ಸ್ಟೇಟನ್ ಐಲ್ಯಾಂಡ್ ದ್ವೀಪಕ್ಕೆ ಹೋಗುವ ಫೆರಿಗೆ, 1997ರಿಂದ ಟಿಕೆಟ್ಟೇ ಇಲ್ಲವಂತೆ! ಸುಮಾರು 25 ನಿಮಿಷದ ಪಯಣ. ಲಿಬರ್ಟಿ ಪ್ರತಿಮೆ ಬಲಕ್ಕೆ ಕಂಡಾಗ ಯಜಮಾನರು ನೋವು ಮರೆತು ಎದ್ದು ನಿಂತರು.

ಮುಂದೆ ಶಿಕಾಗೋಗೆ ಹೋಗುತ್ತೇವೆ ಅಂದಾಗ ಅದೇ ಚೀಟಿಯಲ್ಲಿ ಇನ್ನೆರಡು ಸಾಲು ಸೇರಿಸಿದಿರಿ. ಓಹೇರ್ ವಿಮಾನ ನಿಲ್ದಾಣದಿಂದ ಬ್ಲೂ ಲೈನ್ ರೈಲು ಹಿಡಿಯಿರಿ, ರಾತ್ರಿಯಿಡೀ ಓಡುತ್ತದೆ. ಬ್ರೌನ್ ಲೈನಿನಲ್ಲಿ ಕಿಟಕಿ ಪಕ್ಕ ಕೂತು ಊರು ನೋಡಿ. ಕೂತೆವು. ಕಂಬಗಳ ಮೇಲಿನ ಹಳಿಯಲ್ಲಿ ರೈಲು ತಿರುಗುವಾಗ ಕಟ್ಟಡಗಳು ಕೈಗೆಟುಕುವಷ್ಟು ಹತ್ತಿರ. ಮಿಲೇನಿಯಂ ಪಾರ್ಕಿನಲ್ಲಿ ಅನೀಶ್ ಕಪೂರರ ಕನ್ನಡಿಯಂಥ ಶಿಲ್ಪದೆದುರು ನಿಂತಾಗಲೂ ನಿಮ್ಮದೇ ಮಾತು ಆಡಿದೆವು.

ಆ ಚೀಟಿ ಈಗ ನಮ್ಮ ದೇವರ ಮನೆಯ ಡಬ್ಬಿಯಲ್ಲಿದೆ. ನೀವು ಎಲ್ಲಿದ್ದರೂ ತಣ್ಣಗಿರಿ, ತಾಯಿ.