ಶಿವೂ, ನಿನ್ನ ವಿಡಿಯೊಗಳಿಗೆಲ್ಲ ಒಟ್ಟಿಗೆ ಉತ್ತರ

ಶಿವು,

ಮಸ್ಕತ್‌ನಲ್ಲಿ ಕೂತು ನೀನು ಕಳಿಸಿದ ಹನ್ನೊಂದು ವಿಡಿಯೊಗಳನ್ನೂ ನೋಡಿದೆ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಬೆಳ್ಳುಳ್ಳಿ ರಸ ಕುಡಿದು ರಕ್ತನಾಳ ತೊಳೆದುಕೊಳ್ಳಿ ಅಂತ ಹೇಳುವ ಡಾಕ್ಟರ್ ಒಬ್ಬರು ಇದ್ದಾರಲ್ಲ, ಅವರ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಕಂಪ್ಯೂಟರ್‌ನಲ್ಲಿ ಮಾಡಿದ ಡಾಕ್ಟರ್ ಕಣೋ ಅದು! ಇಪ್ಪತ್ತು ವರ್ಷ ಎಂಜಿನಿಯರ್ ಆಗಿ ದುಡಿದ ನಿನಗೇ ಗೊತ್ತಾಗಲಿಲ್ಲ ಅಂದಮೇಲೆ ನಮ್ಮ ಅತ್ತೆ ನಂಬಿದ್ದು ದೊಡ್ಡದಲ್ಲ ಬಿಡು. ಅವರು ಮೂರು ದಿನ ಕುಡಿದು, ಎದೆ ಉರಿ ಅಂತ ನಿಲ್ಲಿಸಿದರು.

ಹಾಸನದ ಹೃದಯಾಘಾತಗಳು, ಅಂಗಡಿಯವರಿಗೆ ಬಂದ ತೆರಿಗೆ ನೋಟಿಸ್, ಮತಯಂತ್ರ, ಇದರಲ್ಲೆಲ್ಲ ಏನಾಗುತ್ತಿದೆ, ನಿಜ ಹೇಳು ಅಂತ ಕೇಳಿದ್ದೀಯ. ಫೋನ್‌ನಲ್ಲಿ ಹೇಳೋಣ ಅಂದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

2025ರ ಜೂನ್ ಕೊನೆಯ ವಾರ ನೆನಪಿದೆಯಾ? ಟಿವಿಯಲ್ಲಿ ಕ್ರಿಕೆಟ್ ಸ್ಕೋರ್ ಥರ ಸಾವಿನ ಸಂಖ್ಯೆ ಹಾಕುತ್ತಿದ್ದರು. ಒಂದೂವರೆ ತಿಂಗಳೊಳಗೆ 20ಕ್ಕೂ ಹೆಚ್ಚು ಜನ ಹೃದಯಾಘಾತಕ್ಕೆ ಬಲಿ, ಅದೂ ಹಾಸನ ಒಂದೇ ಜಿಲ್ಲೆಯಲ್ಲಿ. ಜನ ಎಷ್ಟು ಹೆದರಿದರು ಅಂದರೆ, ಬೆಳಗಿನ ಜಾವವೇ ಎದ್ದು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ನನ್ನ ಹೆಂಡತಿ ಬಿಡಲೇ ಇಲ್ಲ, ನಾನೂ ಇಲ್ಲೇ ಒಂದು ಲ್ಯಾಬ್‌ಗೆ ಹೋಗಿ ಇಸಿಜಿ ಮಾಡಿಸಿಕೊಂಡು ಬಂದೆ. ನನ್ನ ಹಿಂದೆ ಹತ್ತೊಂಬತ್ತರ ಹುಡುಗನೊಬ್ಬ ನಿಂತಿದ್ದ, ನನ್ನ ಹಳೆಯ ವಿದ್ಯಾರ್ಥಿ. ಅವನ ಕೈ ನಡುಗುತ್ತಿತ್ತು. ನನ್ನದು ಗ್ಯಾಸ್ಟ್ರಿಕ್ ಅಂದರು. ಅವನದು ಏನೂ ಇಲ್ಲ.

ಈಗ ಲೆಕ್ಕಕ್ಕೆ ಬಾ. ಪಿಯು ಮಕ್ಕಳಿಗೆ ಸ್ಟಾಟಿಸ್ಟಿಕ್ಸ್ ಹೇಳಿಕೊಡುವವನು ನಾನು, ಚಟ ಎಲ್ಲಿ ಬಿಡುತ್ತದೆ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17 ಲಕ್ಷ 76 ಸಾವಿರ. ನಮ್ಮ ಕಡೆ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ತೀರಿಕೊಳ್ಳುತ್ತಾರೆ. ಅಂದರೆ ಜಿಲ್ಲೆಯಲ್ಲಿ ತಿಂಗಳಿಗೆ ಹೆಚ್ಚುಕಡಿಮೆ ಸಾವಿರ ಸಾವು. ದೇಶದಲ್ಲಿ ನಾಲ್ಕರಲ್ಲಿ ಒಂದು ಸಾವಾದರೂ ಹೃದಯ, ರಕ್ತನಾಳದ ಕಾಯಿಲೆಯಿಂದ ಆಗುತ್ತದೆ. ಹಾಗಿದ್ದರೆ ಒಂದೂವರೆ ತಿಂಗಳಿಗೆ ಮುನ್ನೂರರ ಮೇಲೆ ಆಯಿತು. ಟಿವಿ ತೋರಿಸಿದ್ದು ಇಪ್ಪತ್ತು ಚಿಲ್ಲರೆ! ನಿಜಕ್ಕೂ ಅಷ್ಟೇ ಆಗಿದ್ದಿದ್ದರೆ ಹಾಸನಾಂಬೆಗೆ ತುಪ್ಪದ ದೀಪ ಹಚ್ಚಬೇಕಿತ್ತು ನಾವು.

ಅಲ್ಲ ಕಣೋ, ಸತ್ತವರು ಚಿಕ್ಕ ವಯಸ್ಸಿನವರು ಅಂತ ಹೇಳುತ್ತೀಯ, ಗೊತ್ತು. ಅದು ಸರಿಯಾದ ಪ್ರಶ್ನೆಯೇ. ಹಾಗಾದರೆ ಕೇಳಬೇಕಿದ್ದದ್ದು ಏನು? ಹೋದ ವರ್ಷ ಇದೇ ತಿಂಗಳಲ್ಲಿ ಇದೇ ವಯಸ್ಸಿನವರು ಎಷ್ಟು ಜನ ಹೋದರು, ಅದರ ಹಿಂದಿನ ವರ್ಷ ಎಷ್ಟು ಅಂತ. ಒಂದೇ ಒಂದು ಚಾನೆಲ್ ಅದನ್ನು ಕೇಳಿದ್ದು ನಾನು ಕಾಣೆ. ನಮ್ಮ ಬೀದಿಯ ಆಟೋದವನು ಮೂವತ್ತೆಂಟಕ್ಕೇ ಸ್ಟೇರಿಂಗ್ ಮೇಲೆ ತಲೆಯಿಟ್ಟು ಹೋಗಿಬಿಟ್ಟ, ಅದು ಇದೆಲ್ಲ ಶುರುವಾಗುವ ಎರಡು ವರ್ಷ ಮುಂಚೆ. ದಿನಕ್ಕೆ ಎರಡು ಪ್ಯಾಕ್ ಸಿಗರೇಟು, ರಾತ್ರಿ ಪಾಳಿ, ಶುಗರ್ ಇರುವುದು ಅವನಿಗೇ ಗೊತ್ತಿರಲಿಲ್ಲ. ಅವನನ್ನು ಯಾರೂ ಎಣಿಸಲಿಲ್ಲ, ಆಗ ಎಣಿಸುವ ಫ್ಯಾಷನ್ ಇರಲಿಲ್ಲ ಅಷ್ಟೇ.

ಇದರ ಮಧ್ಯೆ ಜುಲೈ 1ಕ್ಕೆ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣ ಇರಬಹುದು ಅನ್ನುವ ಅರ್ಥದಲ್ಲಿ ಬರೆದುಬಿಟ್ಟರು. ಕೇಂದ್ರದ ಆರೋಗ್ಯ ಸಚಿವಾಲಯ ಮಾರನೇ ದಿನವೇ, ಲಸಿಕೆಗೂ ಇದಕ್ಕೂ ಸಂಬಂಧ ಇಲ್ಲ ಅಂದಿತು. ಆಮೇಲೆ ಇದು ಹೃದಯದ ವಿಷಯವಾಗಿ ಉಳಿಯಲಿಲ್ಲ, ಯಾವ ಪಕ್ಷದವನು ಯಾವುದನ್ನು ನಂಬಬೇಕು ಅನ್ನುವ ವಿಷಯವಾಯಿತು. ಲಸಿಕೆ ಹಾಕಿಸಿಕೊಂಡ ಫೋಟೊವನ್ನು ಅವತ್ತು ಸ್ಟೇಟಸ್‌ಗೆ ಹಾಕಿದವರೇ ಈಗ ಅದನ್ನು ಬೈಯುತ್ತಿದ್ದರು. ನನ್ನ ನೇರ ಅಭಿಪ್ರಾಯ ಕೇಳು. ಒಂದು ರಾಜ್ಯದ ಮುಖ್ಯಮಂತ್ರಿ ತಾನೇ ತಜ್ಞರ ಸಮಿತಿ ಮಾಡಿ, ಅದರ ವರದಿ ಬರುವ ಮೊದಲೇ ಹೀಗೆ ಅನುಮಾನ ಹರಿಬಿಡಬಾರದಿತ್ತು. ಹಾಗಂತ ಲಸಿಕೆ ಬಗ್ಗೆ ಪ್ರಶ್ನೆ ಕೇಳಿದವರನ್ನೆಲ್ಲ ದೇಶದ್ರೋಹಿ ಅನ್ನುವುದೂ ಸರಿಯಲ್ಲ. ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಅನ್ನುವುದನ್ನು ಅದನ್ನು ರೂಪಿಸಿದ ಕಂಪನಿಯೇ ಒಪ್ಪಿಕೊಂಡಿದೆಯಲ್ಲ.

ಆದರೆ ಪ್ರಶ್ನೆ ಕೇಳಿದವನು ಉತ್ತರವನ್ನೂ ಓದಬೇಕು ತಾನೇ? ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ದಿಢೀರ್ ಸಾವುಗಳ ಬಗ್ಗೆ ಅಧ್ಯಯನ ಮಾಡಿದ್ದರು, 2023ರಲ್ಲೇ ಅದು ಹೊರಬಂದಿತ್ತು. ಲಸಿಕೆಯಿಂದ ಅಪಾಯ ಜಾಸ್ತಿಯಾದದ್ದು ಅವರಿಗೆ ಕಾಣಲಿಲ್ಲ. ಕಂಡದ್ದು ಏನಪ್ಪಾ ಅಂದರೆ ಮನೆಯಲ್ಲಿ ಹಿಂದೆ ಯಾರಾದರೂ ಹೀಗೆ ಹೋಗಿರುವುದು, ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಸಾಯುವ ಒಂದೆರಡು ದಿನ ಮುಂಚೆ ಕಂಠಪೂರ್ತಿ ಕುಡಿದದ್ದು ಅಥವಾ ಮೈ ಮುರಿಯುವಷ್ಟು ಕಸರತ್ತು ಮಾಡಿದ್ದು. ಜಯದೇವದ ನಿರ್ದೇಶಕರ ನೇತೃತ್ವದ ಆ ತಜ್ಞರ ಸಮಿತಿಯೂ ಹಾಸನದಲ್ಲಿ ಏಕಾಏಕಿ ಏರಿಕೆ ಏನೂ ಇಲ್ಲ ಅಂತಲೇ ಹೇಳಿತು. ಅವರು ನೋಡಿದ 24 ಸಾವುಗಳಲ್ಲಿ ನಾಲ್ಕು ಹೃದಯದ್ದೇ ಅಲ್ಲ, ಅದರಲ್ಲಿ ಒಂದು ರಸ್ತೆ ಅಪಘಾತ! ರಸ್ತೆ ಅಪಘಾತವನ್ನೂ ಹೃದಯಾಘಾತದ ಪಟ್ಟಿಗೆ ಸೇರಿಸಿಕೊಂಡು ನಾವು ಒಂದು ತಿಂಗಳು ನಿದ್ದೆಗೆಟ್ಟೆವು ಮಾರಾಯ.

ಆ ವರದಿ ಬಂದ ದಿನ ಟಿವಿಯಲ್ಲಿ ಬೇರೆ ಏನೋ ಓಡುತ್ತಿತ್ತು. ನಿನ್ನ ಹನ್ನೊಂದು ವಿಡಿಯೊಗಳಲ್ಲೂ ಅದು ಇಲ್ಲ, ಗಮನಿಸಿದೆಯಾ?

ಟಿವಿಯವರು ಇದನ್ನು ಬಿಟ್ಟು ಓಡಿದ್ದು ಎಲ್ಲಿಗೆ ಅಂದರೆ ಯುಪಿಐ ನೋಟಿಸ್ ಹಿಂದೆ. ಫೋನ್‌ಪೇ ಥರದ ಯುಪಿಐನಲ್ಲಿ ಬಂದ ದುಡ್ಡು ಕೂಡಿಸಿ, ಜಿಎಸ್‌ಟಿ ಕಟ್ಟಿಲ್ಲ ಅಂತ ರಾಜ್ಯದ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ಕಳಿಸಿದ ನೋಟಿಸ್ ಅದು. ಇದರ ಬಗ್ಗೆ ನೀನು ಬರೆದದ್ದು ನೋಡಿ ನನಗೆ ಸಿಟ್ಟೇ ಬಂತು. "ಕೋಟಿ ಕೋಟಿ ದುಡಿಯುತ್ತಾರೆ, ತೆರಿಗೆ ಕಟ್ಟೋಕೆ ಏನು ರೋಗ" ಅಂದಿದ್ದೀಯ. ನೀನು ಒಮಾನ್‌ನಲ್ಲಿ ಸಂಬಳಕ್ಕೆ ಒಂದು ಬೈಸಾ ಆದಾಯ ತೆರಿಗೆ ಕಟ್ಟದೆ ಈ ಮಾತು ಹೇಳುತ್ತಿದ್ದೀಯ ಅನ್ನುವುದು ಪಕ್ಕಕ್ಕಿರಲಿ.

ನನ್ನ ಬಾಮೈದನ ಬೇಕರಿ ಗೊತ್ತಲ್ಲ, ರಾಜಾಜಿನಗರದ್ದು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ನಮ್ಮ ಹಾಸನದವರೇ ಜಾಸ್ತಿ ಅಂತ ನಿನಗೆ ಹೇಳಬೇಕಾಗಿಲ್ಲ. ಅವನಿಗೆ ನೋಟಿಸ್ ಬಂದಿರಲಿಲ್ಲ, ಆದರೂ ಕ್ಯೂಆರ್ ಹಾಳೆ ತೆಗೆದು ಬಿಸ್ಕತ್ ಡಬ್ಬದ ಹಿಂದೆ ಬಚ್ಚಿಟ್ಟುಬಿಟ್ಟ. ದಿನಕ್ಕೆ ಹನ್ನೆರಡು ಸಾವಿರ ವ್ಯಾಪಾರ ಅಂತ ಇಟ್ಟುಕೋ. ವರ್ಷಕ್ಕೆ 43 ಲಕ್ಷ ದಾಟಿತು. ಬರೀ ಸರಕು ಮಾರುವವರಿಗೆ 40 ಲಕ್ಷ, ಸೇವೆ ಅಂತಾದರೆ 20 ಲಕ್ಷ, ಅದರ ಮೇಲೆ ಹೋದರೆ ಜಿಎಸ್‌ಟಿ ನೋಂದಣಿ ಆಗಲೇಬೇಕು. ಆದರೆ ಆ 43 ಲಕ್ಷದಲ್ಲಿ ಮೈದಾ, ಎಣ್ಣೆ, ಗ್ಯಾಸು, ಬಾಡಿಗೆ, ಇಬ್ಬರು ಹುಡುಗರ ಸಂಬಳ ಎಲ್ಲಾ ಇದೆ. ಅದು ವಹಿವಾಟು ಕಣೋ, ಲಾಭ ಅಲ್ಲ.

ಇನ್ನೂ ಒಂದು ತಮಾಷೆ ಇದೆ. ಫ್ರಿಜ್ ತಗೊಳ್ಳೋಕೆ ನಾನು ಅವನಿಗೆ ಕಳಿಸಿದ ಕೈಸಾಲ, ಅವನ ಚೀಟಿ ದುಡ್ಡು, "ಅಣ್ಣಾ ಫೋನ್‌ಪೇ ಮಾಡ್ತೀನಿ, ಐನೂರು ಕ್ಯಾಶ್ ಕೊಡಿ" ಅಂತ ಬಂದವರು ಹಾಕಿದ್ದು, ಎಲ್ಲವೂ ಅದೇ ಖಾತೆಗೆ ಬಿದ್ದಿದೆ. ಎದುರಿಗಿರುವ ಹುಡುಗಿಯರ ಪಿಜಿಗೆ ಅವನ ಅಂಗಡಿಯೇ ಎಟಿಎಂ. ಯಂತ್ರಕ್ಕೆ ಅದೆಲ್ಲ ಹೇಗೆ ಗೊತ್ತಾಗಬೇಕು? ಬಂದದ್ದನ್ನು ಕೂಡಿಸುವುದಷ್ಟೇ ಅದಕ್ಕೆ ಗೊತ್ತು. ಹಾವೇರಿಯ ತರಕಾರಿ ವ್ಯಾಪಾರಿ ಒಬ್ಬರ ಸುದ್ದಿ ನೋಡಿದ್ದೀಯಲ್ಲ, ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟು ಅಂತ ನೋಟಿಸ್ ಬಂದದ್ದು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ನೋಟಿಸ್ ಕಳಿಸುವ ಮುಂಚೆ ಯಾರಾದರೂ ಒಬ್ಬರು ಹೋಗಿ, ಏನಪ್ಪಾ ಮಾರುತ್ತೀಯ ಅಂತ ಕೇಳಿದ್ದರೆ ಮುಗಿಯುತ್ತಿತ್ತು.

ಆಮೇಲೆ ಆದದ್ದು ನಾಟಕ. "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಂದವು, ಟೀ ಅಂಗಡಿಯವರು ಪ್ರತಿಭಟನೆ ಅಂತ ಹಾಲು ನಿಲ್ಲಿಸಿ ಬ್ಲಾಕ್ ಟೀ ಕೊಟ್ಟರು, ರಾಜ್ಯದವರು ದೆಹಲಿ ಕಡೆ ಕೈ ತೋರಿಸಿದರು, ದೆಹಲಿಯವರು ವಿಧಾನಸೌಧದ ಕಡೆ. ಜಿಎಸ್‌ಟಿ ಮಂಡಳಿಯಲ್ಲಿ ಇಬ್ಬರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ ಅನ್ನುವುದು ಇಬ್ಬರಿಗೂ ಮರೆತುಹೋಗಿತ್ತು. ಜುಲೈ 23ಕ್ಕೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ಹಳೆ ಬಾಕಿ ವಸೂಲಿ ಮಾಡಲ್ಲ, ಇನ್ನುಮುಂದೆ ನೋಂದಣಿ ಮಾಡಿಸಿಕೊಳ್ಳಿ ಅಂದರು, ತಣ್ಣಗಾಯಿತು.

ವ್ಯಾಪಾರಿಗಳೂ ಸಾಚಾ ಅಲ್ಲ, ಅದನ್ನೂ ಹೇಳುತ್ತೇನೆ. 1.5 ಕೋಟಿ ತನಕ ವಹಿವಾಟು ಇರುವ ಅಂಗಡಿಯವರು ರಾಜಿ ತೆರಿಗೆ ಅಂತ ವಹಿವಾಟಿನ ಬರೀ ಶೇ 1ರಷ್ಟು ಕಟ್ಟಿ ಮುಗಿಸಬಹುದು. ಬಾಮೈದನಿಗೆ ಇದು ಮೂರು ವರ್ಷದಿಂದ ಗೊತ್ತಿತ್ತು, ಸುಮ್ನೆ ಮುಂದೂಡಿದ. ಕೇಳಿದರೆ "ಎಲ್ಲರೂ ಹಂಗೇ ಭಾವ" ಅಂದ. ಬೈದೆ. ಆದರೆ 2016ರಲ್ಲಿ ನೋಟು ರದ್ದಾದಾಗಿನಿಂದ ಕ್ಯೂಆರ್ ಹಾಕಿ, ಕ್ಯೂಆರ್ ಹಾಕಿ ಅಂತ ಅಂಗಡಿ ಅಂಗಡಿಗೆ ಹೇಳಿದರಲ್ಲ, ಒಬ್ಬನಾದರೂ ಇದರ ಲೆಕ್ಕ ನಾಳೆ ಕೇಳುತ್ತಾರೆ ಅಂತ ಹೇಳಿದನಾ? 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿ ಸಲ ಯುಪಿಐ ಪಾವತಿ ಆಯಿತಂತೆ. ಅದನ್ನು ಹೇಳುವಾಗ ಎದೆ ಉಬ್ಬಿಸುತ್ತೀವಿ, ಅದೇ ಸಂಖ್ಯೆಯ ಒಂದು ಚೂರು ನೋಟಿಸ್ ಆಗಿ ಬಂದರೆ ಎದೆ ಹಿಡಿದುಕೊಳ್ಳುತ್ತೀವಿ.

ಮತಯಂತ್ರದ ಬಗ್ಗೆ ಕೇಳಿದ್ದೀಯ, ಚಿಕ್ಕದಾಗಿ ಹೇಳುತ್ತೇನೆ. ಸ್ಥಳೀಯ ಸಂಸ್ಥೆ ಚುನಾವಣೆಗೆ ಬ್ಯಾಲೆಟ್ ಪೇಪರ್ ಬಳಸಬೇಕು ಅಂತ ನಮ್ಮ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತು. ನನಗೇನೂ ಇದರಲ್ಲಿ ಉತ್ಸಾಹ ಇಲ್ಲ. 2024ರ ಏಪ್ರಿಲ್ 26ಕ್ಕೆ ಹಾಸನದಲ್ಲಿ ಮತದಾನ, ನಾನು ಡ್ಯೂಟಿಯಲ್ಲಿದ್ದೆ. ಪೇಪರ್‌ಗೆ ವಾಪಸ್ ಹೋಗೋದು ಬೇಡ ಅಂತ ಸುಪ್ರೀಂ ಕೋರ್ಟ್ ಹೇಳಿದ್ದೂ ಅವತ್ತೇ, ನನಗೆ ಗೊತ್ತಾಗಿದ್ದು ರಾತ್ರಿ. ಬೆಳಗ್ಗೆ ಏಜೆಂಟರ ಮುಂದೆ 50 ಅಣಕು ಮತ ಹಾಕಿಸಿ, ಎಣಿಸಿ ತೋರಿಸಿ, ಅಳಿಸಿ, ಆಮೇಲೆ ಸೀಲ್ ಮಾಡಬೇಕು. ಅಷ್ಟೂ ಹೊತ್ತು ಒಬ್ಬ ಏಜೆಂಟ್ ಬಗ್ಗಿ ನೋಡಿದ, ಉಳಿದವರು ಇಡ್ಲಿ ತಿನ್ನುತ್ತಿದ್ದರು. ಯಂತ್ರ ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಲ್‌ನದು, ಅದರ ಮೇಲೆ ನನಗೆ ಅಂಥ ಅನುಮಾನ ಇಲ್ಲ. ಮಧ್ಯಾಹ್ನ ಒಬ್ಬ ಅಜ್ಜಿ ಬಂದರು, ಪಟ್ಟಿಯಲ್ಲಿ ಅವರ ಹೆಸರು ಇಲ್ಲ, ತೀರಿಕೊಂಡ ಅವರ ಯಜಮಾನರ ಹೆಸರು ಇದೆ. "ನಾನು ಬದುಕಿದ್ದೀನಲ್ಲಪ್ಪಾ" ಅಂದರು. ಏನು ಹೇಳಲಿ ನಾನು? ಆ ಪಟ್ಟಿ ಹಿಡಿದುಕೊಂಡು ಪೇಪರ್ ಬಳಸಿದರೂ ಅಜ್ಜಿ ಹೊರಗೇ.

ಬಾಮೈದ ಕೊನೆಗೂ ನೋಂದಣಿ ಮಾಡಿಸಿದ. ಕ್ಯೂಆರ್ ಮತ್ತೆ ಗಾಜಿನ ಮೇಲೆ ಬಂದಿದೆ. ಅವನ ಸೌಂಡ್ ಬಾಕ್ಸ್ ಈಗ ಇಡೀ ಬೀದಿಗೆ ಕೇಳುವ ಹಾಗೆ "ಹದಿನೈದು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಕೂಗುತ್ತದೆ, ಪ್ರತಿ ಸಲವೂ ಅವನು ಬೆಚ್ಚುತ್ತಾನೆ.

ನಿನ್ನ ಅಪ್ಪ ಐವತ್ತೆರಡಕ್ಕೆ ಹೋದರು, ನನಗೆ ನೆನಪಿದೆ, ನಾವು ಆಗ ಎರಡನೇ ಪಿಯುಸಿ. ನಿನಗೆ ಈಗ ನಲವತ್ತೇಳು. ಇನ್ನು ನನಗೆ ವಿಡಿಯೊ ಕಳಿಸಬೇಡ. ಬಿಪಿ, ಶುಗರ್ ನೋಡಿಸಿಕೊಂಡು ಆ ಸಂಖ್ಯೆ ಮಾತ್ರ ಕಳಿಸು. ಡಿಸೆಂಬರ್‌ಗೆ ಬಂದಾಗ ಖಾರಾ ಬನ್ ನನ್ನ ಲೆಕ್ಕದಲ್ಲಿ, ದುಡ್ಡು ಕ್ಯಾಶ್‌ನಲ್ಲೇ ಕೊಡುತ್ತೇನೆ, ಬಾಮೈದ ಸ್ವಲ್ಪ ನೆಮ್ಮದಿಯಾಗಿರಲಿ.

ನಿನ್ನ,
ಮಂಜ