ಕನ್ನಡ ಕಾಣಿಸಿದರೆ ಸಾಕಾ, ಓದಲು ಬರುವುದು ಬೇಡವಾ?

ಸಂಪಾದಕರೇ,

ಮುಕ್ತ ತಂತ್ರಾಂಶದ ಡೆಸ್ಕ್‌ಟಾಪ್‌ಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಫಾಂಟ್ ವಿಷಯ ಬಂದಾಗ ಮಾತ್ರ ಲೇಖಕರು 'ಅದು ಅವರವರ ಅಭಿರುಚಿ, ಹಿಡಿಸದಿದ್ದರೆ ಬದಲಾಯಿಸಿಕೊಂಡರಾಯಿತು' ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದಾರೆ. ನನ್ನ ತಕರಾರು ಆ ಒಂದು ಸಾಲಿನ ಮೇಲೆ.

ಮೊದಲು ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಅಮ್ಮನ ಹಳೇ ಲ್ಯಾಪ್‌ಟಾಪ್‌ಗೆ ನಾನೇ, ವಿಂಡೋಸ್ ಬದಲು ಬಳಸುವ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಟ್ಟಿದ್ದೆ. ಎಲ್ಲ ಕನ್ನಡದಲ್ಲೇ ಇರಲಿ ಅಂತ ಭಾಷೆಯನ್ನೂ ಬದಲಿಸಿದ್ದೆ. ಒಂದು ದಿನ ಅಮ್ಮ ಕರೆದು, 'ಏನೋ ಇದು, ದನ ಸಹಾಯ ಅಂತ ಬಂದಿದೆ?' ಅಂದರು. ಹೋಗಿ ನೋಡಿದರೆ ಮೇಲ್‌ನ ತಲೆಬರಹದಲ್ಲಿ ಇದ್ದದ್ದು 'ಧನ ಸಹಾಯ'. ಇನ್ನೂ ತೆರೆಯದ ಮೇಲ್ ಆದ್ದರಿಂದ ಸಾಲು ದಪ್ಪಕ್ಷರದಲ್ಲಿತ್ತು. ಧ ಅಕ್ಷರದ ಕೆಳಗಿನ ಪುಟ್ಟ ಗೀಟು ಮೇಲಿನ ಸುತ್ತಿಗೆ ಅಂಟಿಕೊಂಡು ಕಾಣದೇ ಹೋಗಿತ್ತು. ಅಮ್ಮನ ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡೆ. ಆಮೇಲೆ ನಾನೇ ಮುಖ ಹತ್ತಿರ ತಂದು ನೋಡಿದೆ. ನನಗೂ ದನವೇ ಕಂಡಿತು.

ಕಾರಣ ಹುಡುಕಿದೆ. ಆ ಯಂತ್ರದಲ್ಲಿ ಕನ್ನಡಕ್ಕೆ ಬರುತ್ತಿದ್ದ ಫಾಂಟ್‌ಗೆ ಇದ್ದದ್ದು ಒಂದೇ ತೂಕ, ಅಂದರೆ ಒಂದೇ ದಪ್ಪದ ಮಾಮೂಲಿ ಅಕ್ಷರ. ದಪ್ಪಕ್ಷರದ ಫೈಲೇ ಇಲ್ಲ. ಅಂಥ ಹೊತ್ತಲ್ಲಿ ಕಂಪ್ಯೂಟರ್ ಸುಮ್ನೆ ಕೂರುವುದಿಲ್ಲ, ಇರುವ ಅಕ್ಷರವನ್ನೇ ಸುತ್ತಲೂ ಒಂದಿಷ್ಟು ಉಬ್ಬಿಸಿ ದಪ್ಪ ಅಂತ ತೋರಿಸುತ್ತದೆ. ಇಂಗ್ಲಿಷ್ ಅಕ್ಷರಗಳ ಒಳಗೆ ಜಾಗ ಜಾಸ್ತಿ, ಹೇಗೋ ತಡೆದುಕೊಳ್ಳುತ್ತವೆ. ನಮ್ಮಲ್ಲಿ ಅರ್ಥವೆಲ್ಲ ಸಣ್ಣ ಗೀಟು, ಸಣ್ಣ ಸೀಳು, ಸಣ್ಣ ಚುಕ್ಕೆಗಳಲ್ಲೇ ಇದೆ, ದ ಹೋಗಿ ಧ ಆಗುವುದೂ, ಬ ಹೋಗಿ ಭ ಆಗುವುದೂ, ಪ ಹೋಗಿ ಹೊಟ್ಟೆ ಸೀಳಿದ ಷ ಆಗುವುದೂ ಅದರಿಂದಲೇ. ಅದನ್ನು ಉಬ್ಬಿಸಿದರೆ ಮೊದಲು ಮುಚ್ಚಿಹೋಗುವುದೇ ಆ ಸೀಳು. ಓರೆ ಅಕ್ಷರದ್ದೂ ಇದೇ ಕತೆ. ಕನ್ನಡ ಫಾಂಟ್‌ಗಳಲ್ಲಿ ಓರೆ ಅಕ್ಷರ ಬರೆದಿಡುವುದು ಅಪರೂಪ, ಯಂತ್ರವೇ ಹಿಡಿದು ವಾಲಿಸುತ್ತದೆ.

ಈಗ 'ಬದಲಾಯಿಸಿಕೊಳ್ಳಿ' ಎಂಬ ಮಾತಿಗೆ ಬರೋಣ. ಡೆಸ್ಕ್‌ಟಾಪ್‌ನ ಸೆಟ್ಟಿಂಗ್‌ನಲ್ಲಿ ಫಾಂಟ್ ಆರಿಸುವ ಜಾಗ ಒಂದು ಇರುತ್ತದೆ, ನಿಜ. ಅಲ್ಲಿ ಕಾಣುವ ಹೆಸರು ಇಂಗ್ಲಿಷ್ ಫಾಂಟ್‌ನದ್ದು. ಅದರೊಳಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ. ಕನ್ನಡ ಬಂದ ಕೂಡಲೇ ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆ ತನ್ನ ಪಟ್ಟಿ ತೆಗೆದು, ಈ ಅಕ್ಷರ ಯಾರ ಹತ್ತಿರ ಇದೆ ಅಂತ ಮೇಲಿನಿಂದ ಕೆಳಗೆ ಹುಡುಕಿಕೊಂಡು ಹೋಗುತ್ತದೆ. ಮೊದಲು ಸಿಕ್ಕಿದ್ದನ್ನು ಕೊಡುತ್ತದೆ. ಅಂದರೆ ಕನ್ನಡ ಓದುವವರಿಗೆ ನಿಜವಾದ ಡೀಫಾಲ್ಟ್ ಫಾಂಟ್ ಸೆಟ್ಟಿಂಗ್‌ನಲ್ಲಿ ಹೆಸರು ಕಾಣುವ ಫಾಂಟ್ ಅಲ್ಲ, ಪಟ್ಟಿಯಲ್ಲಿ ಎಲ್ಲೋ ಕೆಳಗೆ ಕೂತಿರುವ ಇನ್ನೊಂದು. ಅದನ್ನು ಬದಲಿಸಬೇಕಾದರೆ ಕೋನದ ಆವರಣಗಳಿಂದ ತುಂಬಿದ ಒಂದು ಫೈಲನ್ನು ಕೈಯಾರೆ ಬರೆಯಬೇಕು. ಬೇಡ, ಸೆಟ್ಟಿಂಗ್‌ನಲ್ಲೇ ಕನ್ನಡ ಫಾಂಟ್ ಆರಿಸಿಬಿಡೋಣ ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲ ಅದರ ಜೊತೆಗೇ ಬದಲಾಗುತ್ತವೆ. ಅಮ್ಮನಿಗೆ ಇದನ್ನೆಲ್ಲ ಮಾಡಿಕೊಳ್ಳಿ ಅನ್ನೋಕಾಗುತ್ತಾ? ಡೀಫಾಲ್ಟ್ ಅನ್ನುವುದು ಇರುವುದೇ ಸೆಟ್ಟಿಂಗ್ ಮುಟ್ಟದವರಿಗಾಗಿ. ಮುಟ್ಟುವವರು ಹೇಗೂ ತಮ್ಮ ದಾರಿ ನೋಡಿಕೊಳ್ಳುತ್ತಾರೆ.

ಇಂಗ್ಲಿಷ್ ಕಡೆಗೆ ಎಷ್ಟು ಆಸ್ಥೆ ತೋರಿಸುತ್ತಾರೆ ಅನ್ನುವುದನ್ನೂ ನೋಡಿ. ನಾನಿದನ್ನು ದೂರಾಗಿ ಹೇಳುತ್ತಿಲ್ಲ, ಮೆಚ್ಚಿಕೊಂಡೇ ಹೇಳುತ್ತಿದ್ದೇನೆ. 2003ರಲ್ಲಿ ಬಿಟ್‌ಸ್ಟ್ರೀಮ್ ಕಂಪನಿ ವೆರಾ ಫಾಂಟ್‌ಗಳನ್ನು ಮುಕ್ತವಾಗಿ ಕೊಟ್ಟಿತು, ಅದನ್ನೇ ಹಿಗ್ಗಿಸಿ ಡೇಜಾವು ಬಂತು. ಅದು ಎಷ್ಟೋ ವರ್ಷ ಲಿನಕ್ಸ್‌ನ ಮುಖವೇ ಆಗಿತ್ತು. ಲಿನಕ್ಸ್‌ನ ಒಂದು ರೂಪವಾದ ಉಬುಂಟು 2010ರಲ್ಲಿ ಡಾಲ್ಟನ್ ಮಾಗ್ ಎಂಬ ಸಂಸ್ಥೆಯಿಂದ ತನ್ನದೇ ಫಾಂಟ್ ಮಾಡಿಸಿಕೊಂಡಿತು. ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಎಂಬ ಡೆಸ್ಕ್‌ಟಾಪ್ 2011ರಲ್ಲಿ ಕ್ಯಾಂಟರೆಲ್ ಫಾಂಟ್ ಇಟ್ಟುಕೊಂಡಿತು, ಹದಿನಾಲ್ಕು ವರ್ಷ ಬಳಸಿ 2025ರ ಮಾರ್ಚ್‌ನಲ್ಲಿ, 48ನೇ ಆವೃತ್ತಿಯಲ್ಲಿ ಅದನ್ನು ಬಿಟ್ಟು ಅದ್ವೈತ ಸಾನ್ಸ್‌ಗೆ ಬಂತು. ಹೆಸರು ನಮ್ಮದೇ ಅನ್ನಿಸಿ ಖುಷಿಯಾಗುತ್ತದೆ ಅಲ್ವಾ? ಆದರೆ ಅದು ಇಂಟರ್ ಎಂಬ ಫಾಂಟ್‌ನಿಂದ ಹುಟ್ಟಿದ್ದು. ಇಂಟರ್‌ನಲ್ಲಿ ಲ್ಯಾಟಿನ್ ಇದೆ, ಗ್ರೀಕ್ ಇದೆ, ಸಿರಿಲಿಕ್ ಇದೆ, ಕನ್ನಡ ಇಲ್ಲ. ದೊಡ್ಡ ಐ, ಸಣ್ಣ ಎಲ್, ಅಂಕಿ 1, ಈ ಮೂರೂ ಒಂದೇ ಥರ ಕಾಣಬಾರದು ಅಂತ ಇಂಗ್ಲಿಷ್ ಫಾಂಟ್ ಮಾಡುವವರು ತಲೆ ಕೆಡಿಸಿಕೊಳ್ಳುತ್ತಾರೆ. ಪಾಸ್‌ವರ್ಡ್ ನೋಡಿಕೊಂಡು ಟೈಪ್ ಮಾಡಿದವರಿಗೆಲ್ಲ ಅದು ಯಾಕೆ ಬೇಕು ಅಂತ ಗೊತ್ತು. ದ ಮತ್ತು ಧ ಒಂದೇ ಥರ ಕಾಣಬಾರದು ಅಂತ ನಾನು ಕೇಳುತ್ತಿರುವುದೂ ಅಷ್ಟೇ.

ಇದು ಕನ್ನಡದ ಗೋಳು ಮಾತ್ರ ಅಂತಲೂ ಅಂದುಕೊಳ್ಳಬೇಡಿ. ಒಂದು ಫಾಂಟ್ ಫೈಲ್‌ನಲ್ಲಿ ಹಿಡಿಸುವುದು ಹೆಚ್ಚೆಂದರೆ 65,535 ಆಕಾರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಈಗ ಒಂದೂವರೆ ಲಕ್ಷಕ್ಕೂ ಜಾಸ್ತಿ ಅಕ್ಷರಗಳಿವೆ. ಹಾಗಾಗಿ ಎಲ್ಲ ಲಿಪಿಗೂ ಒಂದೇ ಫಾಂಟ್ ಅನ್ನುವುದು ಆಗದ ಮಾತು, ಪಟ್ಟಿ ಬೇಕೇ ಬೇಕು. ಪಟ್ಟಿಯಲ್ಲಿ ಯಾರು ಮೊದಲು ಅನ್ನುವುದೇ ತಂಟೆ. ಚೀನೀ ಮತ್ತು ಜಪಾನಿ ಬರಹಕ್ಕೆ ಎಷ್ಟೋ ಅಕ್ಷರಗಳಿಗೆ ಯೂನಿಕೋಡ್ ಒಂದೇ ಸಂಖ್ಯೆ ಕೊಟ್ಟಿದೆ, ಆದರೆ ಬರೆಯುವ ರೀತಿ ಬೇರೆ. ಎಲುಬು ಎಂಬ ಅರ್ಥದ ಅಕ್ಷರವನ್ನೇ ತಗೊಳ್ಳಿ, ಮೇಲಿನ ಚೌಕದೊಳಗಿನ ಪುಟ್ಟ ಮೂಲೆ ಒಂದು ಕಡೆ ಎಡಕ್ಕೆ, ಇನ್ನೊಂದು ಕಡೆ ಬಲಕ್ಕೆ. ಪಟ್ಟಿಯಲ್ಲಿ ಚೀನೀ ಫಾಂಟ್ ಮೇಲಿದ್ದರೆ ಜಪಾನಿನವರಿಗೆ ತಮ್ಮ ಭಾಷೆಯೇ ಬೇರೆಯವರ ಕೈಬರಹದಲ್ಲಿ ಕಾಣುತ್ತದೆ. ಅಕ್ಷರ ಕಾಣಿಸುತ್ತಿದೆಯಲ್ಲ, ಇನ್ನೇನು ತೊಂದರೆ ಅಂತ ಅವರನ್ನು ಕೇಳಿ ನೋಡಿ.

'ಕಾಣಿಸುತ್ತಿದೆಯಲ್ಲ' ಅನ್ನುವ ತೃಪ್ತಿ ನಮಗೆ ಯಾಕೆ ಇಷ್ಟು ಬೇಗ ಬರುತ್ತದೆ ಅಂತ ಯೋಚಿಸಿದ್ದೇನೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನಮ್ಮಲ್ಲಿ ಫಾಂಟೇ ಎಲ್ಲ ಆಗಿತ್ತು. ಒಂದು ತಂತ್ರಾಂಶದಲ್ಲಿ ಬರೆದದ್ದನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತಿತ್ತು. ಆಮೇಲೆ ಯೂನಿಕೋಡ್ ಬಂತು, ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳು. ಆ ಚೌಕಗಳಿಗೆ ಟೋಫು ಅನ್ನುತ್ತಾರೆ, ಅವು ಇರಬಾರದು ಅಂತಲೇ ಗೂಗಲ್ ತನ್ನ ಫಾಂಟ್ ಸರಣಿಗೆ ನೋಟೊ, ಅಂದರೆ 'ನೋ ಟೋಫು', ಅಂತ ಹೆಸರಿಟ್ಟಿದ್ದು. ಲೋಹಿತ್, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟ್‌ಗಳು ಬಂದ ಮೇಲೆ ಲಿನಕ್ಸ್‌ನಲ್ಲಿ ಚೌಕ ಹೋಗಿ ಅಕ್ಷರ ಬಂತು. ಆ ಕೆಲಸ ಮಾಡಿದವರಿಗೆ ನಾನು ಋಣಿ. ಚೌಕ ಕಂಡವರಿಗೆ ಯಾವ ಅಕ್ಷರ ಕಂಡರೂ ಸಂತೋಷವೇ. ಆದರೆ ಹಾಗೆ ಸಂತೋಷಪಟ್ಟು ತುಂಬ ವರ್ಷ ಆಯಿತು.

ಇನ್ನೊಂದು ಹತ್ತಿರದಿಂದ ನೋಡಬೇಕಾದದ್ದು ಒತ್ತಕ್ಷರ. 'ಸ್ತ್ರೀ' ಅಂತ ಬರೆಯಿರಿ, 'ರಾಷ್ಟ್ರ' ಅಂತ ಬರೆಯಿರಿ. ಮುಖ್ಯ ಅಕ್ಷರದ ಕೆಳಗೆ ಒಂದು ಒತ್ತು, ಅದಕ್ಕೆ ತಗುಲಿಕೊಂಡು ಇನ್ನೊಂದು. 'ಸ್ತ್ರೀ'ಗೆ ಮೇಲೆ ಗುಡಿಸು ಬೇರೆ. ಇಂಗ್ಲಿಷ್ ಅಕ್ಷರ ನೋಡಿಕೊಂಡು ಎತ್ತರ ಗೊತ್ತುಮಾಡಿದ ಚೌಕಟ್ಟಿನಲ್ಲಿ ಇದನ್ನು ಕೂರಿಸಿದರೆ ಕೆಳಗಿನ ಒತ್ತಿನ ಬಾಲ ಕತ್ತರಿಸಿಹೋಗುತ್ತದೆ. ಎತ್ತರ ತಾನಾಗಿ ಹೊಂದಿಕೊಳ್ಳುವ ಕಡೆ ಕತ್ತರಿಸುವುದಿಲ್ಲ, ಆದರೆ ಕನ್ನಡ ಇರುವ ಸಾಲು ಮಾತ್ರ ಉಬ್ಬಿ, ಇಂಗ್ಲಿಷ್ ಸಾಲುಗಳ ನಡುವೆ ತೆವರಿನ ಹಾಗೆ ಎದ್ದು ನಿಲ್ಲುತ್ತದೆ. ಅದನ್ನು ತಪ್ಪಿಸಬೇಕು ಅಂತ ಕೆಲವು ಫಾಂಟ್‌ಗಳು ಒತ್ತುಗಳನ್ನು ಕುಗ್ಗಿಸಿ ಮೇಲಕ್ಕೆ ತಳ್ಳಿರುತ್ತವೆ. ಆಗ ಒತ್ತಿನಲ್ಲಿರುವುದು ತ-ನೋ ನ-ನೋ ಗೊತ್ತಾಗುವುದಿಲ್ಲ. ಇಲ್ಲಿ ಸುಲಭದ ಉತ್ತರ ಇಲ್ಲ, ಒಪ್ಪುತ್ತೇನೆ. ಆದರೆ ಫಾಂಟ್ ಆರಿಸುವವರು ಈ ಮೂರರಲ್ಲಿ ಯಾವುದನ್ನು ಒಪ್ಪಿಕೊಂಡೆವು ಅಂತ ತಿಳಿದು ಆರಿಸಬೇಕು ತಾನೇ? ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್‌ನ ಮಾತು ಎತ್ತುವುದೇ ಬೇಡ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಗೂಡು, ಕನ್ನಡ ಅದರಲ್ಲಿ ಉಸಿರುಗಟ್ಟುತ್ತದೆ.

ಲೈಸೆನ್ಸ್ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಚೆನ್ನಾಗಿದೆ ಅಂತ ಯಾವ ಫಾಂಟನ್ನೂ ಹಾಗೇ ತುಂಬಿಸಿ ಹಂಚುವ ಹಾಗಿಲ್ಲ. ಉಬುಂಟು ಫಾಂಟನ್ನೇ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಬಳಗ ತನ್ನ ಮುಕ್ತ ವಿಭಾಗದಲ್ಲಿ ಇಟ್ಟುಕೊಂಡಿಲ್ಲ, ಅದರ ಲೈಸೆನ್ಸ್ ಒಪ್ಪಿಗೆಯಾಗದೆ ಬೇರೆ ವಿಭಾಗಕ್ಕೆ ಹಾಕಿದೆ. 2007ರಲ್ಲಿ ಎಸ್‌ಐಎಲ್ ಎಂಬ ಸಂಸ್ಥೆಯ ಓಪನ್ ಫಾಂಟ್ ಲೈಸೆನ್ಸ್‌ನ 1.1 ಆವೃತ್ತಿ ಬಂದ ಮೇಲೆ ಈ ತಲೆನೋವು ಕಡಿಮೆಯಾಯಿತು. ಈಗ ಅದೇ ಲೈಸೆನ್ಸ್‌ನಲ್ಲಿ ಅನೆಕ್ ಕನ್ನಡ, ಟಿರೋ ಕನ್ನಡ, ನೋಟೊ ಸಾನ್ಸ್ ಕನ್ನಡ ಎಲ್ಲ ಸಿಗುತ್ತವೆ. ಹಾಗಾಗಿ ಫಾಂಟ್ ಇಲ್ಲ ಅನ್ನುವ ನೆಪ ಈಗ ನಡೆಯುವುದಿಲ್ಲ.

ನನ್ನನ್ನು ಕೇಳಿದರೆ ಮೆನು, ಬಟನ್, ಫೈಲ್ ಹೆಸರುಗಳಿಗೆ ನೋಟೊ ಸಾನ್ಸ್ ಕನ್ನಡ ಸಾಕು. ಅದರ ಚಂದ ನೋಡಿ ಹೇಳುತ್ತಿಲ್ಲ, ನನಗೆ ಅದು ಸ್ವಲ್ಪ ಸಪ್ಪೆಯೇ. ಆದರೆ ತೆಳುವಿನಿಂದ ಹಿಡಿದು ತುಂಬ ದಪ್ಪದವರೆಗೆ ಎಲ್ಲ ತೂಕಗಳನ್ನೂ ಬೇರೆ ಬೇರೆ ಬರೆದಿಟ್ಟಿದ್ದಾರೆ, ಯಂತ್ರ ಉಬ್ಬಿಸುವ ಪ್ರಸಂಗವೇ ಬರುವುದಿಲ್ಲ. ಉದ್ದ ಬರಹ ಓದುವಾಗ ಮಾತ್ರ ಗೆರೆಯಲ್ಲಿ ದಪ್ಪ-ಸಣ್ಣ ಇರುವ, ಅಚ್ಚಿನ ಪುಸ್ತಕದ ಥರದ ಅಕ್ಷರ ನನಗೆ ಹಿತ. ಇದು ಅಭಿರುಚಿ, ಇದರಲ್ಲಿ ಲೇಖಕರ ಮಾತು ಒಪ್ಪಿದೆ. (ಅಂದ ಹಾಗೆ ಲಿಬ್ರೆಆಫೀಸ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಇಂಗ್ಲಿಷ್‌ಗೂ ಕನ್ನಡಕ್ಕೂ ಫಾಂಟ್ ಆರಿಸುವ ಜಾಗ ಬೇರೆ ಬೇರೆ ಇರುತ್ತದೆ. ಮೊದಲನೆಯದನ್ನು ಮಾತ್ರ ಬದಲಿಸಿ, ಕನ್ನಡ ಹಾಗೇ ಇದೆಯಲ್ಲ ಅಂತ ಬೈದುಕೊಳ್ಳುವವರು ಬಹಳ ಜನ. ನಾನೂ ಬೈದಿದ್ದೇನೆ.)

ಹೊಸ ಆವೃತ್ತಿ ಬರುವ ಮುಂಚೆ ಹಲವು ದೊಡ್ಡ ಲಿನಕ್ಸ್ ಬಳಗಗಳು ಪರೀಕ್ಷೆಗೆ ಅಂತ ಒಂದು ಪ್ರತಿ ಬಿಡುತ್ತವೆ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಇನ್‌ಸ್ಟಾಲ್ ಮಾಡದೇ ನೋಡಬಹುದು. ಎಫ್‌ಸಿ-ಮ್ಯಾಚ್ ಎಂಬ ಆಜ್ಞೆಯನ್ನು, ಭಾಷೆ ಕನ್ನಡ ಅಂತ ಸೂಚಿಸಿ, ಕೊಟ್ಟರೆ ಕನ್ನಡಕ್ಕೆ ಯಾವ ಫಾಂಟ್ ಬರುತ್ತದೆ ಅಂತ ಅದೇ ಹೇಳುತ್ತದೆ. ನಿಮ್ಮ ಓದುಗರಲ್ಲಿ ಕಂಪ್ಯೂಟರ್ ಗೊತ್ತಿರುವ ಹತ್ತು ಜನ ಆ ಹೊತ್ತಿಗೆ 'ಧನ', 'ಭಾರ', 'ಸ್ತ್ರೀ' ಅಂತ ಮೂರು ಪದ ಸಣ್ಣ ಅಳತೆಯಲ್ಲಿ, ದಪ್ಪದಲ್ಲಿ ಬರೆದು ನೋಡಿದರೂ ಸಾಕು. ತಪ್ಪಿದ್ದರೆ ಚಿತ್ರ ತೆಗೆದು ಆ ಬಳಗಕ್ಕೆ ಕಳಿಸಲಿ.

ನಾನು ಕಳಿಸಿದೆ. ಉತ್ತರ ಬರೆದವರಿಗೆ ಕನ್ನಡ ಬರುತ್ತಿರಲಿಲ್ಲ. 'ಎರಡೂ ಒಂದೇ ಥರ ಇವೆ, ತಪ್ಪು ಯಾವುದು?' ಅಂತ ಕೇಳಿದರು. ಅದೇ ತಪ್ಪು ಅಂತ ಬರೆದೆ. ದ, ಧ ಎರಡನ್ನೂ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟು, ಗೀಟಿನ ಸುತ್ತ ಕೆಂಪು ಸುತ್ತು ಹಾಕಿ ಕಳಿಸಿದೆ. ಪಟ್ಟಿಯಲ್ಲಿ ಒಂದು ಸಾಲು ಮೇಲೆ ಕೆಳಗೆ ಮಾಡಿದರು, ಮುಂದಿನ ಆವೃತ್ತಿಯಲ್ಲಿ ಸರಿಯಾಗಿ ಬಂತು. ಅಮ್ಮನ ಲ್ಯಾಪ್‌ಟಾಪ್‌ನಲ್ಲಿ ಅಲ್ಲಿಯವರೆಗೆ ಇರಲಿ ಅಂತ ನಾನು ಬರೆದಿಟ್ಟ ಫೈಲು ಇನ್ನೂ ಹಾಗೇ ಇದೆ. ಈ ಭಾನುವಾರ ಅಳಿಸಬೇಕು.

– ನಿಮ್ಮ ಓದುಗ